ಒಂದು ಹಾಳೆಯಷ್ಟು ಸಂದು

ದುರ್ಗ

ಜರ್ಮನಿಗೆ ಹೋಗಿ ಬಂದೆ ಎಂದರೆ ನಮ್ಮೂರಲ್ಲಿ ಎಲ್ಲರೂ ಮೊದಲು ಕೇಳುವುದು ಚಳಿ ಎಷ್ಟಿತ್ತು ಅಂತ. ಆಮೇಲೆ ಊಟಕ್ಕೇನು ಮಾಡಿದಿರಿ ಅಂತ. ಎರಡಕ್ಕೂ ನನ್ನ ಹತ್ತಿರ ಒಳ್ಳೆಯ ಉತ್ತರವಿಲ್ಲ. ಅಲ್ಲಿದ್ದಷ್ಟು ದಿನ ಹೆಚ್ಚಿನ ಹೊತ್ತು ನಾನು ಹೆದರಿಕೊಂಡೇ ಇದ್ದೆ. ಹೆದರಿದವನಿಗೆ ಚಳಿಯೂ ತಿಳಿಯುವುದಿಲ್ಲ, ರುಚಿಯೂ ತಿಳಿಯುವುದಿಲ್ಲ. ಯಾಕೆ ಹೆದರಿದ್ದೆ ಎಂಬುದನ್ನು ಮನೆಯವಳೊಬ್ಬಳನ್ನು ಬಿಟ್ಟು ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಈಗ ಬರೆಯುತ್ತಿದ್ದೇನೆ.

ನನ್ನ ಹೆಸರು ಖಾದರ್. ಚಿತ್ರದುರ್ಗದಲ್ಲಿ ಲೇತ್ ಅಂಗಡಿ ಇಟ್ಟಿದ್ದೇನೆ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆ ಬೋರ್‌ವೆಲ್ ಪಂಪು ಕೆಟ್ಟರೆ ಅದರ ಶಾಫ್ಟು, ಬುಷ್ಷು, ಇಂಪೆಲ್ಲರು ಎಲ್ಲ ನನ್ನ ಅಂಗಡಿಗೆ ಬರುತ್ತವೆ. ಇಂಪೆಲ್ಲರ್ ಎಂದರೆ ಪಂಪಿನೊಳಗೆ ಗಿರ್ರನೆ ತಿರುಗಿ ನೀರನ್ನು ಮೇಲಕ್ಕೆ ತಳ್ಳುವ ರೆಕ್ಕೆಯ ಚಕ್ರ. ಮೂವತ್ತು ವರ್ಷದಲ್ಲಿ ಎಷ್ಟು ಚಕ್ರ ಮುಟ್ಟಿದ್ದೇನೋ ಲೆಕ್ಕವಿಲ್ಲ. ಹಾಗಾಗಿ ಮೂರು ವರ್ಷದ ಹಿಂದೆ ಎಂಜಿನಿಯರಿಂಗ್ ಕಾಲೇಜಿನ ಶಶಿಕಲಾ ಮೇಡಂ ಒಂದು ಡ್ರಾಯಿಂಗ್ ತಂದು ಟೇಬಲ್ ಮೇಲೆ ಹರಡಿದಾಗ ನಾನು ಹೆಚ್ಚು ಯೋಚಿಸಲಿಲ್ಲ. ಚಕ್ರ ಅರ್ಧ ನಿಂಬೆಹಣ್ಣಿನಷ್ಟಿತ್ತು.

“ಎಷ್ಟಡಿ ಬೋರಿಗೆ ಮೇಡಂ, ಇಷ್ಟು ಸಣ್ದು?” ಎಂದೆ.

“ಬೋರಿಗಲ್ಲ ಖಾದರಣ್ಣ. ಮನುಷ್ಯರಿಗೆ,” ಎಂದರು.

ಅವರು ಯಲ್ಲದಕೆರೆಯ ಕುರಿ ಸಾಕುವ ಮನೆಯವರು. ಅವರು ಕಾಲೇಜಿನಲ್ಲಿ ಓದುತ್ತಿದ್ದಾಗ ತಾಯಿಗೆ ಹೃದಯದ ಆಪರೇಷನ್ ಆಯಿತಂತೆ. ಆಪರೇಷನ್ ನಡೆದಷ್ಟು ಹೊತ್ತು ಹೃದಯದ ಕೆಲಸವನ್ನು ಒಂದು ಪಂಪು ಮಾಡಿತು. ತಾಯಿ ಉಳಿದರು. ಆದರೆ ಎರಡು ದಿನ ಅವರ ಮೂತ್ರ ಕಡುಗೆಂಪಾಗಿ ಬಂತು. ಯಾಕೆ ಎಂದು ಕೇಳಿದ್ದಕ್ಕೆ ಡಾಕ್ಟರು, ಪಂಪಿನಲ್ಲಿ ಸ್ವಲ್ಪ ರಕ್ತ ಒಡೆದಿದೆ ಎಂದರಂತೆ. ರಕ್ತ ಒಡೆಯುವುದು ಎಂದರೇನು ಎಂದು ಹುಡುಕಿಕೊಂಡು ಹೊರಟ ಹುಡುಗಿ, ಅದೇ ವಿಷಯದಲ್ಲಿ ಡಾಕ್ಟರೇಟು ಮಾಡಿಕೊಂಡು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಳಿತಿದ್ದರು.

“ನೀರು ಏನು ಮಾಡಿದ್ರೂ ನೀರೇ,” ಎಂದು ಅವರು ನನಗೆ ತಿಳಿಯುವಂತೆ ಹೇಳಿದರು. “ರಕ್ತ ಹಂಗಲ್ಲ. ಅದ್ರಾಗೆ ಕೆಂಪು ಕಣ ಅವೆ, ಒಂದೊಂದೂ ಒಂದು ತೆಳು ಚೀಲ ಇದ್ದಂಗೆ. ರೆಕ್ಕೆ ಜೋರಾಗಿ ತಿಕ್ಕಿದ್ರೆ ಚೀಲ ಹರಿದು ಒಳಗಿನ ಕೆಂಪು ಆಚೆ ಬರ್ತೈತೆ. ಅದು ಕಿಡ್ನಿಗೆ ಪೆಟ್ಟು. ತಳ್ಳಬೇಕು, ಹರೀಬಾರ್ದು. ಅಷ್ಟೇ ನಮ್ಮ ಕೆಲಸ.”

ಅಷ್ಟೇ ಕೆಲಸಕ್ಕೆ ಮೂರು ವರ್ಷ ಹಿಡಿಯಿತು. ಟೈಟಾನಿಯಂ ಚಕ್ರ ಹನ್ನೊಂದು ಸಲ ಮಾಡಿದೆ. ಅದರ ಮೇಲೆ ಒಳಗಿನದು ಕಾಣುವಂಥ ಅಕ್ರಿಲಿಕ್ ಮುಚ್ಚಳ. ಚಕ್ರಕ್ಕೂ ಮುಚ್ಚಳಕ್ಕೂ ನಡುವೆ ಎರಡು ಹಾಳೆ ಕಾಗದದಷ್ಟು ಸಂದು ಇರಬೇಕು ಎಂದು ಡ್ರಾಯಿಂಗಿನಲ್ಲಿತ್ತು. ನನ್ನ ಕೈಗೆ ಅದು ಒಗ್ಗುತ್ತಿರಲಿಲ್ಲ. ಬೋರ್‌ವೆಲ್ ಪಂಪಿನಲ್ಲಿ ಸಂದು ಜಾಸ್ತಿಯಾದರೆ ನೀರು ಹಿಂದಕ್ಕೆ ಸೋರುತ್ತದೆ, ಒತ್ತಡ ಬೀಳುತ್ತದೆ. ಸಂದು ಬಿಗಿ ಮಾಡುವವನೇ ಒಳ್ಳೆಯ ಕೆಲಸಗಾರ.

ಜರ್ಮನಿಯ ಒಂದು ಪ್ರಯೋಗಾಲಯ ನಮ್ಮ ಪಂಪನ್ನು ನಿಜವಾದ ರಕ್ತ ಹಾಯಿಸಿ ಪರೀಕ್ಷೆ ಮಾಡಲು ಒಪ್ಪಿತು. ಬಿಚ್ಚಿ ಜೋಡಿಸಲು ಬರುವ ಒಬ್ಬರು ಜೊತೆಗಿರಬೇಕು ಎಂದರು. ಹೀಗೆ ನನಗೆ ಪಾಸ್‌ಪೋರ್ಟು ಬಂತು. ಹೊರಡುವ ಹಿಂದಿನ ವಾರ ರಕ್ತದಷ್ಟು ಮಂದವಾಗಲೆಂದು ನೀರಿಗೆ ಗ್ಲಿಸರಿನ್ ಬೆರೆಸಿ ಓಡಿಸಿ ನೋಡಿದೆವು. ಒತ್ತಡ ಸ್ವಲ್ಪ ಕಡಿಮೆ ಬಂತು. ಮೇಡಂ ಮುಖ ಸಣ್ಣದು ಮಾಡಿಕೊಂಡು ಬ್ಯಾಗು ಎತ್ತಿಕೊಂಡು ಹೋದರು. ಆ ಮುಖ ನೋಡಲಾಗದೆ ಭಾನುವಾರ ನಾನೊಬ್ಬನೇ ಅಂಗಡಿ ತೆಗೆದು ಹೊಸ ಮುಚ್ಚಳ ಮಾಡಿದೆ. ಅದರಲ್ಲಿ ಸಂದು ಒಂದೇ ಹಾಳೆಯಷ್ಟು. ಸೋಮವಾರ ಒತ್ತಡ ಸರಿಯಾಗಿ ಬಂತು.

“ಏನು ಮಾಡಿದ್ರಿ ಅಣ್ಣ?” ಎಂದು ಮೇಡಂ ನಗುತ್ತಾ ಕೇಳಿದರು.

“ಪಾಲಿಶ್ ಮಾಡ್ದೆ ಮೇಡಂ,” ಎಂದೆ.

ವಿಮಾನ ನಿಲ್ದಾಣ

ಪಂಪನ್ನು ಸಾಮಾನಿನ ಜೊತೆ ಕಳಿಸಲು ನಾವಿಬ್ಬರೂ ಒಪ್ಪಲಿಲ್ಲ. ನನ್ನ ಹೆಂಡತಿ ಶಮೀಮ್ ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿ ಹತ್ತಿ ಹಾಸಿ ಕೊಟ್ಟಿದ್ದಳು. ಜರ್ಮನಿಯಲ್ಲಿ ಇಳಿದು ಇನ್ನೊಂದು ವಿಮಾನ ಹತ್ತುವಾಗ ತಪಾಸಣೆಯ ಹೆಂಗಸು ಡಬ್ಬಿಯನ್ನು ಪಕ್ಕಕ್ಕೆ ಎಳೆದಳು. ಮುಚ್ಚಳ ತೆಗೆದು, ಹತ್ತಿ ಸರಿಸಿ, ಇದೇನು ಎಂದು ಮೇಡಂ ಅವರನ್ನು ಕೇಳಿದಳು. ಮೇಡಂ ತಮ್ಮ ಎದೆ ಮುಟ್ಟಿ ತೋರಿಸಿದರು. ಅವಳಿಗೆ ಏನು ಅರ್ಥವಾಯಿತೋ, ಒಂದು ಬಟ್ಟೆಯ ಚೂರಿನಿಂದ ಪಂಪಿನ ಮೈಯೆಲ್ಲ ಒರೆಸಿ ಮೆಷಿನ್ನಿಗೆ ಕೊಟ್ಟಳು. ಸಿಡಿಮದ್ದಿನ ಅಂಶ ಇಲ್ಲ ಎಂದು ಮೆಷಿನ್ನು ಹೇಳಿತು. ಅವಳ ಬೆರಳು ಮುಚ್ಚಳದ ಮೇಲೆ ಆಡಿದಷ್ಟು ಹೊತ್ತು, ಒಳಗಿನ ಸಂದು ಅವಳಿಗೆ ಕಂಡೀತು ಎಂದು ಹುಚ್ಚನ ಹಾಗೆ ಅಂಜಿದ್ದೆ.

ಕೆಂಪು ದೀಪ

ಊರು ಚಿಕ್ಕದು, ನಮ್ಮ ದುರ್ಗದಷ್ಟೇ. ಆದರೆ ಸದ್ದಿಲ್ಲ. ಹಾರ್ನ್ ಎಂಬುದು ಕಾರಿಗೆ ಇದೆಯೋ ಇಲ್ಲವೋ. ಮೊದಲ ದಿನ ಬೆಳಿಗ್ಗೆ ನಾನೊಬ್ಬನೇ ಬ್ರೆಡ್ ತರಲು ಹೋಗಿ ರಸ್ತೆ ದಾಟಿದೆ. ಎರಡೂ ಕಡೆ ಒಂದು ಸೈಕಲ್ಲೂ ಇರಲಿಲ್ಲ. ಆದರೂ ಆಚೆ ಬದಿ ಐದಾರು ಜನ ಕೈಕಟ್ಟಿ ನಿಂತಿದ್ದರು. ನಾನು ದಾಟಿ ಬಂದದ್ದೇ, ಅವರಲ್ಲಿ ಒಬ್ಬ ಅಜ್ಜಿ ನನ್ನ ಮುಂದೆ ಕೋಲು ಅಡ್ಡ ಹಿಡಿದು, ಕಂಬದ ಮೇಲಿನ ಕೆಂಪು ಬೊಂಬೆಯ ದೀಪ ತೋರಿಸಿ ಏನೋ ಹೇಳಿದಳು. ಬೈದಂತೆ ಇರಲಿಲ್ಲ, ಪಾಠ ಹೇಳಿದಂತಿತ್ತು. ಅವಳ ಪಕ್ಕದಲ್ಲಿ ಒಂದು ಪುಟ್ಟ ಮಗು ನಿಂತಿತ್ತು. ಮಗು ನೋಡುತ್ತಿದೆ, ಅದರ ಮುಂದೆ ತಪ್ಪು ಮಾಡಬೇಡ ಎಂದಿರಬೇಕು ಎಂದು ಆಮೇಲೆ ಮೇಡಂ ಹೇಳಿದರು. ನಮ್ಮ ಗಾಂಧಿ ಸರ್ಕಲ್ಲಿನಲ್ಲಿ ಹಸಿರು ದೀಪಕ್ಕೆ ಕಾದು ನಿಂತರೆ ಸಂಜೆಯಾದರೂ ಆಚೆ ಸೇರುವುದಿಲ್ಲ. ಇಲ್ಲಿ ಖಾಲಿ ರಸ್ತೆಗೂ ಮರ್ಯಾದೆ. ಎಲ್ಲರೂ ಬರೆದಿಟ್ಟ ಹಾಗೇ ನಡೆಯುವ ಊರಿಗೆ, ಬರೆದಿಟ್ಟದ್ದನ್ನು ಕದ್ದು ತಿದ್ದಿದವನು ಬಂದಿದ್ದೆ.

ಬುಧವಾರ

ಪ್ರಯೋಗಾಲಯದ ಮುಖ್ಯಸ್ಥೆಯ ಹೆಸರು ಯೂಟ. ಐವತ್ತರ ಹೆಂಗಸು, ಗಂಡಸರ ಹಾಗೆ ಕ್ರಾಪು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮೇಡಂ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. ಕಸಾಯಿಖಾನೆಯಿಂದ ದನದ ರಕ್ತ ಚೀಲಗಳಲ್ಲಿ ಬಂತು, ಗಟ್ಟಿಯಾಗದಂತೆ ಔಷಧಿ ಬೆರೆಸಿದ್ದು, ಇನ್ನೂ ಬೆಚ್ಚಗಿತ್ತು. ಎರಡು ಮೇಜಿನ ಮೇಲೆ ಎರಡು ಪಂಪು ಹೂಡಿದರು. ಒಂದು ಅವರದು, ಆಸ್ಪತ್ರೆಗಳಲ್ಲಿ ಈಗಾಗಲೇ ಇರುವಂಥದ್ದು. ಇನ್ನೊಂದು ನಮ್ಮದು. ಎರಡಕ್ಕೂ ಅದೇ ರಕ್ತ. ಪಾರದರ್ಶಕ ಕೊಳವೆಯಲ್ಲಿ ರಕ್ತ ಸುತ್ತಿ ಸುತ್ತಿ ಬರಬೇಕು, ಆರು ಗಂಟೆ ಕಾಲ. ಗಂಟೆಗೊಮ್ಮೆ ಸ್ವಲ್ಪ ರಕ್ತ ತೆಗೆದು ಚಿಕ್ಕ ಕೊಳವೆಯಲ್ಲಿ ಹಾಕಿ ಮೆಷಿನ್ನಿನಲ್ಲಿ ಗಿರಗಿರ ತಿರುಗಿಸುತ್ತಾರೆ. ಕೆಂಪು ಕಣವೆಲ್ಲ ತಳಕ್ಕೆ ಕೂತು ಮೇಲೆ ತಿಳಿ ನಿಲ್ಲುತ್ತದೆ. ಕಣ ಒಡೆಯದಿದ್ದರೆ ತಿಳಿ ಕಡಲೆ ನೆನೆಸಿದ ನೀರಿನ ಹಾಗೆ ತೆಳು ಹಳದಿ. ಒಡೆದಿದ್ದರೆ ಕೆಂಪು.

ಮೊದಲ ಗಂಟೆಗೆ ಅವರ ಕೊಳವೆ ಹಳದಿ, ನಮ್ಮದು ಗುಲಾಬಿ. ಮೇಡಂ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಸ್ಟ್ಯಾಂಡಿಗೆ ಇಟ್ಟರು. ಎರಡನೇ ಗಂಟೆಗೆ ನಮ್ಮದು ಬೀಟ್‌ರೂಟ್ ಬೇಯಿಸಿದ ನೀರು. ಮೂರನೇ ಗಂಟೆಗೆ ತಳದ ರಕ್ತಕ್ಕೂ ಮೇಲಿನ ತಿಳಿಗೂ ಹೆಚ್ಚು ವ್ಯತ್ಯಾಸವೇ ಕಾಣಲಿಲ್ಲ. ಯೂಟ ನಮ್ಮ ಪಂಪಿನ ಸ್ವಿಚ್ಚು ಆರಿಸಿದಳು. ಅವರದು ಓಡುತ್ತಲೇ ಇತ್ತು. ಶುಕ್ರವಾರ ಇನ್ನೊಂದು ಸಲ ರಕ್ತ ಬರುತ್ತದೆ, ಅದಾದ ಮೇಲೆ ಮೇಜು ಬೇರೆಯವರಿಗೆ ಎಂದು ಮೆಲ್ಲಗೆ ಹೇಳಿದಳು.

ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಮುಚ್ಚಳದ ಒಳಗೆ ಒಂದು ಹಾಳೆಯಷ್ಟು ಸಂದಿನಲ್ಲಿ ರಕ್ತ ಸಿಕ್ಕಿ, ಚಕ್ರ ಅದನ್ನು ಅರೆಯುವುದು ಕಣ್ಣಿಗೆ ಕಟ್ಟಿದಂತಾಯಿತು. ನೀರನ್ನು ಅರೆದರೆ ನೀರಿಗೆ ನೋವಿಲ್ಲ. ಮೂವತ್ತು ವರ್ಷದ ಕೈಚಳಕ ಎಂದುಕೊಂಡಿದ್ದೇ ತಪ್ಪಾಗಿತ್ತು.

ಸಂಜೆ ರೂಮಿನಿಂದ ಮನೆಗೆ ಫೋನ್ ಮಾಡಿದೆ. ಎಲ್ಲ ಕೇಳಿದ ಶಮೀಮ್, “ಆ ಮೇಡಂ ಈಗ ಏನು ಮಾಡ್ತಾ ಅದಾರೆ?” ಎಂದಳು.

“ಲೆಕ್ಕ ಮಾಡ್ತಾ ಕುಂತಾರೆ. ರೆಕ್ಕೆಯ ಓರೆ ತಪ್ಪೈತೇನೋ ಅಂತ.”

“ಹಂಗಾದ್ರೆ ನೀವು ಫೋನ್ ಇಡ್ರಿ. ನನ್ನ ಹತ್ರ ಯಾಕೆ ಮಾತಾಡ್ತೀರಿ?” ಎಂದಳು.

ಫೋನ್ ಇಟ್ಟೆ. ಆದರೂ ಹೋಗಿ ಹೇಳಲಿಲ್ಲ.

ಗುರುವಾರ

ಯೂಟ ನಮಗೆ ಒಂದು ಕೋಣೆ ಬಿಟ್ಟುಕೊಟ್ಟಿದ್ದಳು. ಮೇಡಂ ಬೆಳಿಗ್ಗೆಯಿಂದ ಅಲ್ಲಿ ಕೂತು ಮೂರು ವರ್ಷದ ಲೆಕ್ಕವನ್ನು ಮೊದಲಿನಿಂದ ತಿರುವಿ ಹಾಕುತ್ತಿದ್ದರು. ತಾವು ಬರೆದದ್ದರ ಮೇಲೇ ಅಡ್ಡಗೆರೆ ಎಳೆಯುತ್ತಿದ್ದರು. ಮಧ್ಯಾಹ್ನ ಎರಡರ ಹೊತ್ತಿಗೆ ಪೆನ್ನು ಕೆಳಗಿಟ್ಟು, “ನಂಗೆ ಈ ಕೆಲಸ ಬರಲ್ಲ ಅನ್ಸತ್ತೆ ಖಾದರಣ್ಣ,” ಎಂದರು. ಅಳಲಿಲ್ಲ. ಬಸ್ಸು ತಪ್ಪಿತು ಎನ್ನುವಷ್ಟು ಸಾದಾ ದನಿಯಲ್ಲಿ ಹೇಳಿದರು. ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

“ಲೆಕ್ಕ ನಿಲ್ಲಿಸ್ರಿ ಮೇಡಂ. ನಿಮ್ ಡ್ರಾಯಿಂಗು ತಪ್ಪಿಲ್ಲ. ಅದ್ರಂಗೆ ನಾನು ಮಾಡಿಲ್ಲ,” ಎಂದೆ.

ಅವರು ತಲೆ ಎತ್ತಿದರು. “ಏನಂದ್ರಿ?”

“ಸಂದು ಬಿಗಿ ಮಾಡ್ದೆ. ಎರಡು ಹಾಳೆ ಇರ್ಬೇಕಾದದ್ದು ಒಂದೇ ಐತೆ.”

“ಯಾವಾಗ?”

“ಹೊರಡಾಕೆ ಮುಂಚೆ, ಭಾನುವಾರ. ಒತ್ತಡ ಬರ್ಲಿಲ್ಲ ಅಂತ ನೀವು ಬೇಜಾರು ಮಾಡ್ಕಂಡು ಹೋದ್ರಲ್ಲ, ಅದಕ್ಕೆ.”

“ನಾನು ಕೇಳಿದ್ದೆ. ಪಾಲಿಶ್ ಅಂದ್ರಿ.”

“ಹೌದು ಮೇಡಂ.”

ಅವರು ಎದ್ದು ಕೋಟು ಹಾಕಿಕೊಂಡು ಹೊರಗೆ ಹೋದರು. ಕಿಟಕಿಯಿಂದ ಕಾಣುತ್ತಿದ್ದರು. ರಸ್ತೆ ದಾಟುವ ಜಾಗಕ್ಕೆ ಹೋಗಿ ನಿಂತರು. ಕೆಂಪು ಹೋಗಿ ಹಸಿರು ಬಂತು, ದಾಟಲಿಲ್ಲ. ಮತ್ತೊಮ್ಮೆ ಹಸಿರು ಬಂತು, ಆಗಲೂ ನಿಂತೇ ಇದ್ದರು. ಆಮೇಲೆ ತಿರುಗಿ ಬಂದರು.

“ನಿನ್ನೆಯಿಂದ ನಾನು ನನ್ನನ್ನೇ ಬೈಕಂತಾ ಇದೀನಿ,” ಎಂದರು ಬಾಗಿಲಲ್ಲೇ ನಿಂತು. “ನೀವು ಪಕ್ಕದಾಗೆ ಕುಂತಿದ್ರಿ ಅಣ್ಣ.”

ಪಂಪಿನ ಮುಚ್ಚಳ ಬಿಚ್ಚಿ ಅವರ ಹಾಳೆಗಳ ಪಕ್ಕ ಇಟ್ಟೆ.

ಅವರು ಬಂದು ಕೂತರು. “ಹಳೇ ಮುಚ್ಚಳ ಎಲ್ಲೈತೆ?”

“ದುರ್ಗದಾಗೈತೆ. ಅಂಗಡಿ ಶೆಲ್ಫಿನಾಗೆ.”

ಹಾಗಾದರೆ ಇರುವುದನ್ನೇ ಸರಿ ಮಾಡಬೇಕಿತ್ತು. ಮುಚ್ಚಳದ ಅಂಚಿಗೆ ಒಂದು ತೆಳು ಪ್ಯಾಕಿಂಗ್ ಕೊಟ್ಟರೆ ಸಂದು ತಾನಾಗಿ ಅಗಲವಾಗುತ್ತದೆ ಎಂದು ನನಗೆ ಹೊಳೆಯಿತು. ಬೋರ್‌ವೆಲ್ಲಿಗೆ ದಿನಾ ಮಾಡುವ ಕೆಲಸ. ಈ ಸಲ ಬಾಯಿಬಿಟ್ಟು ಕೇಳಿದೆ.

“ಬೇಡ,” ಎಂದರು. “ಪ್ಯಾಕಿಂಗ್ ಪಕ್ಕದಾಗೆ ಸಣ್ಣ ಬಿರುಕಿನಂಗೆ ಜಾಗ ಉಳೀತೈತೆ. ಅಲ್ಲಿ ರಕ್ತ ನಿಂತು ಗರಣೆ ಕಟ್ತೈತೆ. ಆ ಗರಣೆ ಕಿತ್ಕಂಡು ತಲೆಗೆ ಹೋದ್ರೆ ಪೇಷಂಟಿಗೆ ಲಕ್ವ. ಒಳಗಿನ ಮುಖಾನೇ ಒಂದು ಹಾಳೆಯಷ್ಟು ಕೆತ್ತಬೇಕು. ಆಗ್ತೈತಾ?”

“ಲೇತ್ ಸಿಕ್ರೆ ಆಗ್ತೈತೆ.”

ಲೇತು ಅದೇ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಅದನ್ನು ನೋಡಿಕೊಳ್ಳುವವನು ಡೀಟರ್, ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು. ನಾವು ಇಳಿದು ಹೋದಾಗ ಮೂರೂವರೆ. ಮೇಡಂ ಇಂಗ್ಲಿಷಿನಲ್ಲಿ ಎಲ್ಲ ಹೇಳಿದರು. ಅವನು ಮುಚ್ಚಳವನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಒಳಗಿನ ಅಂಚನ್ನು ಹೆಬ್ಬೆರಳಿನಿಂದ ಸವರಿದ. ನಾನೂ ಹಾಗೇ ನೋಡುವುದು. ಆಮೇಲೆ ಗಡಿಯಾರ ನೋಡಿದ. ಮುಚ್ಚಳವನ್ನು ನನ್ನ ಕೈಗೆ ಕೊಟ್ಟು ಲೇತಿನ ಕಬ್ಬಿಣದ ಚೂರೆಲ್ಲ ಗುಡಿಸಿದ, ಉಪಕರಣಗಳನ್ನು ಒಂದೊಂದಾಗಿ ಒರೆಸಿ ಅದರದರ ಜಾಗದಲ್ಲಿಟ್ಟ. ನಾಲ್ಕಕ್ಕೆ ಸರಿಯಾಗಿ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದ.

“ನಾಳೆ ಆರಕ್ಕೆ ಅಂತಾನೆ,” ಎಂದರು ಮೇಡಂ.

ದುರ್ಗದಲ್ಲಾಗಿದ್ದರೆ ಗಿರಾಕಿಯನ್ನು ಹೀಗೆ ನಿಲ್ಲಿಸಿ ಬಾಗಿಲು ಹಾಕುವುದನ್ನು ನಾನು ಊಹಿಸಲೂ ಆರೆ. “ರಕ್ತ ಒಂಬತ್ತಕ್ಕೆ ಬರ್ತೈತೆ ಅಂತ ಹೇಳ್ರಿ ಮೇಡಂ,” ಎಂದೆ. ಅವರು ಹೇಳಿದರು. ಡೀಟರ್ ತಲೆಯಾಡಿಸಿ, ಬಲಗೈಯ ಐದು ಬೆರಳು, ಎಡಗೈಯ ಒಂದು ಬೆರಳು ಎತ್ತಿ ಮತ್ತೆ ತೋರಿಸಿ ಮೆಟ್ಟಿಲು ಹತ್ತಿದ.

ರೂಮಿಗೆ ನಡೆದು ಹೋಗುವಾಗ ಮೇಡಂ ನನಗಿಂತ ನಾಲ್ಕು ಹೆಜ್ಜೆ ಮುಂದಿದ್ದರು. ನಾನು ಹತ್ತಿರ ಹೋಗುವ ಪ್ರಯತ್ನ ಮಾಡಲಿಲ್ಲ.

ಶುಕ್ರವಾರ

ಆರಕ್ಕೆ ಐದು ನಿಮಿಷವಿದ್ದಾಗ ನಾವು ಹೋದರೆ ಡೀಟರ್ ಆಗಲೇ ಅಲ್ಲಿದ್ದ. ಲೇತಿನ ಎಣ್ಣೆ ಒರೆಸಿ, ಮುಚ್ಚಳ ಹಿಡಿಯಲು ಪ್ಲಾಸ್ಟಿಕ್ಕಿನ ಒಂದು ಬಳೆ ಮಾಡಿಟ್ಟಿದ್ದ, ಲೇತಿನಲ್ಲಿ ಸಾಮಾನನ್ನು ಕಚ್ಚಿ ಹಿಡಿಯುವ ಚಕ್ಕಿನ ಹಲ್ಲು ಅಕ್ರಿಲಿಕ್ಕಿಗೆ ತಾಗಬಾರದೆಂದು. ಆ ಬಳೆ ಕೊರೆಯಲು ಕಡಿಮೆಯೆಂದರೂ ಅರ್ಧ ಗಂಟೆ ಬೇಕು. ಎಷ್ಟೊತ್ತಿಗೆ ಬಂದಿದ್ದನೋ ಕೇಳಲು ನನಗೆ ಭಾಷೆ ಇರಲಿಲ್ಲ.

ಅವನು ಪಕ್ಕಕ್ಕೆ ಸರಿದು ನನಗೆ ಲೇತ್ ಬಿಟ್ಟುಕೊಟ್ಟ. ಅಕ್ರಿಲಿಕ್ಕು ಮೋಸದ ವಸ್ತು. ವೇಗ ಜಾಸ್ತಿಯಾದರೆ ಕರಗಿ ಅಂಟುತ್ತದೆ, ಕಡಿಮೆಯಾದರೆ ಚಕ್ಕೆ ಏಳುತ್ತದೆ. ನಾಲ್ಕು ಸಲಕ್ಕೆ ಹಂಚಿಕೊಂಡು ತೆಳುವಾಗಿ ಕೆತ್ತಿದೆ. ಸುರುಳಿ ಕೂದಲೆಳೆಯ ಹಾಗೆ ಬಿಡಿಸಿಕೊಂಡು ಬಂತು. ಮೂರನೇ ಸಲಕ್ಕೆ ಹ್ಯಾಂಡಲನ್ನು ಬೇಗ ಬೇಗ ತಿರುಗಿಸತೊಡಗಿದೆ. ಡೀಟರ್ ಹ್ಯಾಂಡಲಿನ ಮೇಲಿಂದ ನನ್ನ ಕೈಯನ್ನು ಎತ್ತಿ, ಒಂದು ಲೋಟ ಕಾಫಿ ಅದರಲ್ಲಿಟ್ಟ. ಗಂಟೆ ಏಳೂವರೆ. ನಿಂತು ಕಾಫಿ ಕುಡಿದೆ. ಆಮೇಲೆ ಕೊನೆಯದನ್ನು ಕೆತ್ತಿದೆ.

ಪಾಲಿಶ್ ಮುಗಿಸಿ, ಪೇಸ್ಟ್ ಒರೆಸಲು ಅವಸರದಲ್ಲಿ ಬೆಂಚಿನ ಮೇಲಿದ್ದ ಸ್ಪಿರಿಟ್ಟಿನ ಬಾಟಲಿಗೆ ಕೈ ಹಾಕಿದೆ. ಡೀಟರ್ ನನ್ನ ಮಣಿಕಟ್ಟನ್ನು ಗಪ್ಪನೆ ಹಿಡಿದುಕೊಂಡ. ಆಗ ನೆನಪಾಯಿತು. ಆಗತಾನೆ ಕೆತ್ತಿದ ಅಕ್ರಿಲಿಕ್ಕಿಗೆ ಸ್ಪಿರಿಟ್ ತಾಗಿದರೆ ಮೈತುಂಬ ಎಳೆಬಿರುಕು ಬೀಳುತ್ತದೆ. ನನಗೆ ಗೊತ್ತಿದ್ದ ವಿಷಯವೇ. ಅವನು ಬಾಟಲಿ ಆಚೆ ಇಟ್ಟು ಸೋಪಿನ ನೀರು ತಂದುಕೊಟ್ಟ.

ಎಂಟೂವರೆಗೆ ಅಳತೆ ನೋಡಲು ಮೈಕ್ರೋಮೀಟರ್ ಎತ್ತಿಕೊಂಡೆ. ಮೇಡಂ ಕೈ ಚಾಚಿದರು.

“ಕೊಡ್ರಿ. ನಾನು ಅಳೀತೀನಿ.”

ಕೊಟ್ಟೆ. ಎಂಟು ಜಾಗದಲ್ಲಿ ಅಳೆದು ಬರೆದುಕೊಂಡರು. “ಸರಿ ಐತೆ,” ಎಂದರು. ಗುರುವಾರದಿಂದ ಅವರು ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು.

ರಕ್ತ ಬಂತು. ಪಂಪು ಓಡಿಸಿದರೆ, ದುರ್ಗದಲ್ಲಿ ಕಂಡಿದ್ದ ಹಾಗೇ ಒತ್ತಡ ಕಡಿಮೆ. ಮೇಡಂ ವೇಗವನ್ನು ಸ್ವಲ್ಪ ಏರಿಸಬೇಕಾಯಿತು. ವೇಗ ಏರಿದರೂ ಕಣ ಒಡೆಯುತ್ತವೆ, ಸಂದು ಬಿಗಿಯಾದರೂ ಒಡೆಯುತ್ತವೆ. ಎರಡರಲ್ಲಿ ಯಾವುದು ಕಡಿಮೆ ಕೆಡುಕು ಎಂದು ಇಡೀ ದಿನ ಕೂತು ಕಾಯುವುದೊಂದೇ ಉಳಿದಿತ್ತು.

ಮೊದಲ ಗಂಟೆ, ಹಳದಿ. ಮೇಡಂ ನಂಬಲಿಲ್ಲ, ಎರಡನೇ ಸಲ ತಿರುಗಿಸಿ ನೋಡಿದರು. ಎರಡನೇ ಗಂಟೆ, ಹಳದಿ. ಮೂರನೇ ಗಂಟೆಯ ಹೊತ್ತಿಗೆ ನನಗೆ ಅಲ್ಲಿ ಕೂರಲಾಗದೆ ಕಾರಿಡಾರಿನಲ್ಲಿ ನಮಾಜು ಮಾಡಿ ಬಂದೆ. ಅದೂ ಹಳದಿಯೇ. ನಾಲ್ಕನೇ ಗಂಟೆಗೆ ಎಲ್ಲೋ ಒಂದು ಕೆಂಪಿನ ಛಾಯೆ ಬಂದಂತಾಯಿತು. ಬಂದಿದೆ ಎಂದು ನಾನು, ಇಲ್ಲ ಎಂದು ಮೇಡಂ. ಯೂಟ ಮೆಷಿನ್ನಿಗೆ ಹಾಕಿ ಅಂಕಿ ಓದಿ, ಬಂದಿದೆ, ಚೂರು, ಎಂದಳು. ಐದನೆಯದು ಅದಕ್ಕಿಂತ ಎಳೆಯಷ್ಟು ಜಾಸ್ತಿ. ಆರನೆಯ ಕೊಳವೆಯನ್ನು ಯೂಟ ಅವರ ಪಂಪಿನ ಕೊಳವೆಯ ಪಕ್ಕ ಬಿಳಿ ಕಾಗದದ ಮುಂದೆ ಹಿಡಿದಳು. ಅವರದು ತಿಳಿ, ನಮ್ಮದು ಅದಕ್ಕಿಂತ ಸ್ವಲ್ಪ ಕೆಂಪು. ಅವರಷ್ಟು ಒಳ್ಳೆಯದಲ್ಲ. ಆದರೆ ಮುಂದಿನ ಪರೀಕ್ಷೆಗೆ ತರಬಹುದಾದ ಮಿತಿಯ ಒಳಗಿದೆ, ತಿದ್ದಿಕೊಂಡು ಮತ್ತೆ ಬನ್ನಿ ಎಂದಳು. ಮೇಡಂ ಅವಳ ಕೈ ಕುಲುಕಿ, ಆ ಕೈಯನ್ನು ಸುಮಾರು ಹೊತ್ತು ಬಿಡಲೇ ಇಲ್ಲ.

ಆಮೇಲೆ ಒಂದು ಕಾಗದ ನನ್ನ ಮುಂದೆ ಇಟ್ಟರು. ಪರೀಕ್ಷೆಯ ವರದಿ. ಬುಧವಾರದ ಫಲಿತಾಂಶವೂ ಅದರಲ್ಲಿತ್ತು. “ಡ್ರಾಯಿಂಗಿನಂತೆ ಇರಲಿಲ್ಲ, ತಯಾರಿಸಿದವರು ಸಂದು ಬದಲಿಸಿದ್ದರು ಅಂತ ಬರ್ದಿದೀನಿ,” ಎಂದರು. “ಇದು ಮುಚ್ಚಿಡಾಕೆ ಆಗಲ್ಲ ಅಣ್ಣ. ನಾಳೆ ಇನ್ಯಾರೋ ಇದೇ ತಪ್ಪು ಮಾಡ್ಬಾರ್ದು.”

“ಬರೀರಿ. ಹೆಸರೂ ಹಾಕ್ರಿ,” ಎಂದೆ. ಹೇಳುವಾಗ ಮುಖ ಬಿಸಿಯಾಗಿತ್ತು.

ಪಂಪು ಬಿಚ್ಚಿದಾಗ

ಕೊನೆಯ ಕೆಲಸ ನನ್ನದು, ಪಂಪು ಬಿಚ್ಚಿ ತೊಳೆಯುವುದು. ಮುಚ್ಚಳ ತೆಗೆದೆ, ಚಕ್ರ ಎಳೆದೆ. ಮುಂದಿನ ರೆಕ್ಕೆಗಳು ಚೊಕ್ಕಟವಾಗಿದ್ದವು. ಚಕ್ರ ತಿರುಗಿಸಿ ಬೆನ್ನು ನೋಡಿದೆ. ಶಾಫ್ಟಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಕಪ್ಪಗೆ ಗರಣೆ ಕಟ್ಟಿತ್ತು.

ತೊಳೆದುಬಿಟ್ಟರೆ ನೀರಿನಲ್ಲಿ ಹೋಗುತ್ತಿತ್ತು. ಯೂಟ ಬೆನ್ನು ಹಾಕಿ ಬರೆಯುತ್ತಿದ್ದಳು. ಮೇಡಂ ಊರಿಗೆ ಫೋನ್ ಮಾಡಿ ತಾಯಿಗೆ ಸುದ್ದಿ ಹೇಳುತ್ತಿದ್ದರು, ನಗುತ್ತಿದ್ದರು. ಮೂರು ದಿನದ ಮೇಲೆ ಆ ನಗು ನೋಡುತ್ತಿದ್ದೆ. ಅವರು ಫೋನ್ ಮುಗಿಸುವವರೆಗೆ ಚಕ್ರವನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತೆ.

“ಮೇಡಂ, ಇಲ್ಲಿ ಬರ್ರಿ. ಇದನ್ನ ನೋಡ್ರಿ.”

ಅವರು ಬಗ್ಗಿ ನೋಡಿದರು. ನಗು ಹೋಯಿತು. ಬಹಳ ಹೊತ್ತು ನೋಡಿದರು.

“ಬೆನ್ನ ಹಿಂದೆ ರಕ್ತ ನಿಂತೈತೆ. ಓಡಾಡಿಲ್ಲ,” ಎಂದರು. ಆಮೇಲೆ ಸ್ಟೂಲ್ ಎಳೆದು ನನ್ನ ಕಡೆ ತಳ್ಳಿದರು. “ಕುಂತ್ಕಳ್ರಿ ಖಾದರಣ್ಣ. ಇದಕ್ಕೇನು ಮಾಡಾಣ, ನೀವು ಹೇಳ್ರಿ.”

ಮೂರು ವರ್ಷದಲ್ಲಿ ಅವರು ಡ್ರಾಯಿಂಗ್ ಕೊಟ್ಟಿದ್ದರು, ನಾನು ಮಾಡಿಕೊಟ್ಟಿದ್ದೆ. ಅವರು ಹೀಗೆ ಕೇಳಿರಲಿಲ್ಲ, ನಾನು ಹೇಳಿಯೂ ಇರಲಿಲ್ಲ. ಚಕ್ರವನ್ನು ಅತ್ತಿತ್ತ ತಿರುಗಿಸಿದೆ.

“ಚಕ್ರದಾಗೆ ಮೂರು ತೂತು ಹಾಕಿದ್ರೆ, ಹಿಂದ್ಲ ರಕ್ತ ಮುಂದಕ್ಕೆ ಬತ್ತೈತೆ. ನಿಲ್ಲಾದಿಲ್ಲ.”

“ತೂತಿನ ಅಂಚು ಕಣ ಕೊಯ್ಯಲ್ವಾ?”

ಕೊಯ್ಯುವುದಿಲ್ಲ, ನಾನು ನುಣ್ಣಗೆ ಮಾಡುತ್ತೇನೆ ಎಂದು ನಾಲಿಗೆಯ ತುದಿಗೆ ಬಂದಿತ್ತು. ಮೂವತ್ತು ವರ್ಷದಿಂದ ಗಿರಾಕಿಗಳಿಗೆ ಹೇಳಿಕೊಂಡು ಬಂದ ಮಾತು.

“ಕೊಯ್ಯಬೋದು ಮೇಡಂ,” ಎಂದೆ. “ನಂಗೊತ್ತಿಲ್ಲ.”

ಮೇಡಂ ಪೆನ್ಸಿಲ್ ತೆಗೆದು ವರದಿಯ ಹಿಂಬದಿಯ ಖಾಲಿ ಹಾಳೆಯಲ್ಲಿ ಒಂದು ವೃತ್ತ ಎಳೆದರು. ಅದರ ಪಕ್ಕ ಮೂರು ಚಿಕ್ಕ ಸೊನ್ನೆ ಹಾಕಿ, ಪೆನ್ಸಿಲನ್ನು ನನ್ನ ಕೈಗೆ ಕೊಟ್ಟರು.

“ತೂತು ಎಲ್ಲಿ ಬರ್ಬೇಕು, ತೋರಿಸ್ರಿ,” ಎಂದರು.